ಕೂಲಿ ಏರಿದರೆ ಕೆಲಸ ಹೋಗುತ್ತದೆಯೇ? ಹಚ್ಚೊಳ್ಳಿ ಹೋಬಳಿಯಿಂದ ಕೆಲವು ಉತ್ತರಗಳು

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಹೋಬಳಿಯಲ್ಲಿ ಕಾಲುವೆಗೆ ನೀರು ಬಿಟ್ಟರೆಂದರೆ ಎರಡು ದೂರು ಒಟ್ಟಿಗೇ ಶುರುವಾಗುತ್ತವೆ. ಗದ್ದೆಯವರು "ಆಳು ಸಿಗವಲ್ರು, ಸಿಕ್ಕರೂ ಕೇಳಿದಷ್ಟು ಕೊಡಬೇಕ್ರಿ" ಅನ್ನುತ್ತಾರೆ. ಕೂಲಿಗೆ ಹೋಗುವವರು "ಎಣ್ಣಿ, ಬ್ಯಾಳಿ ರೇಟು ಏರಿದಂಗ ನಮ್ ಕೂಲಿ ಏರವಲ್ದು" ಅನ್ನುತ್ತಾರೆ. ಇಬ್ಬರ ಕಷ್ಟವೂ ನಿಜ. ಆದರೆ ಈ ಎರಡು ಕಷ್ಟಗಳನ್ನು ಒಂದರ ಮೇಲೊಂದು ಹೇರಿ, ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರು ಮುಳುಗುತ್ತಾರೆ ಎಂಬ ಮಾತು ಕಟ್ಟೆಯಿಂದ ವಿಧಾನಸೌಧದವರೆಗೆ ಓಡಾಡುತ್ತಿದೆ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನ ಪರಿಷ್ಕರಣೆಯ ಕರಡು ಹೊರಡಿಸಿ, ಬೆಂಗಳೂರಿನ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ ₹19,319 ಎಂದು ಸೂಚಿಸಿದಾಗ ಕೈಗಾರಿಕಾ ಸಂಘಗಳಿಂದ ಇದೇ ಮಾತು ಬಂತು. ಅದೇ ವರ್ಷ ನವೆಂಬರ್ 21ರಂದು ವೇತನ ಸಂಹಿತೆ ಜಾರಿಗೆ ಬಂದು, 1948ರ ಕನಿಷ್ಠ ವೇತನ ಕಾಯ್ದೆಯ ಜಾಗವನ್ನು ತೆಗೆದುಕೊಂಡಿತು. ಮಾತು ಮತ್ತಷ್ಟು ಬಿಸಿಯಾಗಿದೆ. ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕನಿಷ್ಠ ಕೂಲಿ ಏರಿಸಿದರೆ ಇರುವ ಕೆಲಸವೂ ಹೋಗುತ್ತದೆ

ಟೊಮೆಟೊ ಬೆಲೆ ಏರಿದರೆ ಜನ ಕಡಿಮೆ ಕೊಳ್ಳುತ್ತಾರೆ, ಹಾಗೆಯೇ ಕೂಲಿ ಏರಿದರೆ ಮಾಲೀಕ ಕಡಿಮೆ ಆಳು ಕರೆಯುತ್ತಾನೆ ಎನ್ನುವುದು ಈ ಕಲ್ಪನೆಯ ಬೇರು. ಅರ್ಥಶಾಸ್ತ್ರದ ಪಠ್ಯಪುಸ್ತಕಗಳೂ ಬಹುಕಾಲ ಇದನ್ನೇ ಹೇಳಿದವು. ಇದನ್ನು ಅಳೆದು ನೋಡಿದವರು ಅಮೆರಿಕದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಎರಡೂ ಕಡೆಯ 410 ಹೋಟೆಲುಗಳ ಲೆಕ್ಕವನ್ನು ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೆಗೆದಾಗ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. 1994ರಲ್ಲಿ ಇದು ಪ್ರಕಟವಾದಾಗ ದೊಡ್ಡ ಜಗಳವೇ ನಡೆಯಿತು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು. ಜರ್ಮನಿ 2015ರ ಜನವರಿಯಲ್ಲಿ ಮೊದಲ ಬಾರಿಗೆ ದೇಶವ್ಯಾಪಿ ಕನಿಷ್ಠ ಕೂಲಿ ತಂದಾಗಲೂ ಲಕ್ಷಾಂತರ ಉದ್ಯೋಗ ಹೋಗುತ್ತವೆ ಎಂದು ಹೆದರಿಸಲಾಗಿತ್ತು. ಹಾಗಾಗಲಿಲ್ಲ. ಕಡಿಮೆ ಕೊಡುವ ಸಣ್ಣ ಕಡೆಗಳಿಂದ ಹೆಚ್ಚು ಕೊಡುವ ಕಡೆಗೆ ಜನ ಸರಿದರು.

ಇದಕ್ಕೆ ಕಾರಣ ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಹಚ್ಚೊಳ್ಳಿಯಲ್ಲಿ ನಿಂತರೆ ಸಾಕು. ಟೊಮೆಟೊ ಮಾರುಕಟ್ಟೆಯಲ್ಲಿ ಕೊಳ್ಳುವವರು ಸಾವಿರ ಮಂದಿ. ಒಂದು ಊರಿನಲ್ಲಿ ಕೂಲಿ ಕೊಡುವವರು ಎಷ್ಟು ಜನ? ನೆಟ್ಟಗೆ ಹತ್ತಿಪ್ಪತ್ತು ದೊಡ್ಡ ಗದ್ದೆಯವರು, ಅವರಿಗೆಲ್ಲ ಆಳು ಒದಗಿಸುವ ನಾಲ್ಕಾರು ಮೇಸ್ತ್ರಿಗಳು. ಹಬ್ಬಕ್ಕೋ ಆಸ್ಪತ್ರೆಗೋ ಮುಂಗಡ ಕೊಟ್ಟವರೂ ಅವರೇ. ಮುಂಗಡ ತಿಂದವರು ಪಕ್ಕದೂರಿನಲ್ಲಿ ಐವತ್ತು ರೂಪಾಯಿ ಹೆಚ್ಚು ಸಿಗುತ್ತದೆಂದು ಎದ್ದು ಹೋಗುವ ಹಾಗಿಲ್ಲ. ಇಂಥಲ್ಲಿ ಕೂಲಿ ನಿಂತಿರುವುದು ದುಡಿಮೆಯಿಂದ ಹುಟ್ಟುವ ಮೌಲ್ಯದ ಮಟ್ಟದಲ್ಲಲ್ಲ, ಅದಕ್ಕಿಂತ ಎಷ್ಟೋ ಕೆಳಗೆ. ಆ ನಡುವಿನ ಅಂತರದೊಳಗೆ ಕೂಲಿ ಏರಿಸಿದರೆ ಮಾಲೀಕನ ಉಳಿತಾಯ ಒಂದಿಷ್ಟು ಕಡಿಮೆಯಾಗುತ್ತದೆ. ಕೆಲಸ ಕಡಿಮೆಯಾಗಬೇಕಿಲ್ಲ. ನಾಟಿ ಮಾಡಲೇಬೇಕು, ಭತ್ತ ಕೊಯ್ಯಲೇಬೇಕು.

ಮಿತಿಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಅಮೆರಿಕದ ಸಿಯಾಟಲ್ ನಗರ ಸ್ವಲ್ಪ ಅವಧಿಯಲ್ಲೇ 13 ಡಾಲರ್‌ಗೆ ಏರಿಸಿದಾಗ, ಕಡಿಮೆ ಕೂಲಿಯವರ ಕೆಲಸದ ಗಂಟೆಗಳು ಇಳಿದವೆಂದು ಅಲ್ಲಿನ ವಿಶ್ವವಿದ್ಯಾಲಯದ ತಂಡವೊಂದು ಕಂಡುಕೊಂಡಿತು. ಬೇರೆ ತಂಡ ಹೋಟೆಲುಗಳನ್ನು ನೋಡಿ ಅಂಥ ನಷ್ಟ ಕಾಣಲಿಲ್ಲ ಎಂದಿತು. ಎಷ್ಟರಿಂದ ಎಷ್ಟಕ್ಕೆ, ಎಷ್ಟು ಬೇಗ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ನಮ್ಮ ಗದ್ದೆ, ರೈಸ್ ಮಿಲ್ಲು, ಇಟ್ಟಿಗೆ ಭಟ್ಟಿಗಳಲ್ಲಿ ಕೂಲಿ ವಿಪರೀತ ಏರಿ ಕೆಲಸ ಹೋಗುವ ಹಂತ ಇನ್ನೂ ಬಹಳ ದೂರವಿದೆ.

ಇಲ್ಲಿ ಕೆಲಸ ಹೋಗುವುದು ಬೇರೆ ಕಾರಣಕ್ಕೆ. ಸಿರುಗುಪ್ಪದ ಗದ್ದೆಗಳು ತುಂಗಭದ್ರಾ ಬಲದಂಡೆ ಕೆಳಮಟ್ಟದ ಕಾಲುವೆಯನ್ನು ನಂಬಿಕೊಂಡಿವೆ. ಅಣೆಕಟ್ಟು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105.8. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಒಂದು ಬೆಳೆ ಹೋಯಿತೆಂದರೆ ನಾಟಿ, ಕಳೆ, ಗೊಬ್ಬರ, ಕೊಯ್ಲು, ಚೀಲ ಹೊರುವುದು, ಮಿಲ್ಲಿನ ಹಮಾಲಿ ಎಲ್ಲವೂ ಹೋದಂತೆ. ಕೂಲಿ ಒಂದು ರೂಪಾಯಿ ಏರದಿದ್ದರೂ ಹೋಬಳಿಯ ಅರ್ಧ ವರ್ಷದ ಕೆಲಸ ಖಾಲಿಯಾಯಿತು. ಗುಳೆ ಹೋಗುವವರನ್ನು ಬೆಂಗಳೂರಿನ ಕಟ್ಟಡಗಳಿಗೆ ಕಳಿಸಿದ್ದು ಇದೇ ಹೊರತು ಕೂಲಿಯ ಆದೇಶವಲ್ಲ.

ತಪ್ಪು ಕಲ್ಪನೆ: ಕೂಲಿ ಹೆಚ್ಚಾಗಿದ್ದಕ್ಕೇ ಮಷಿನ್ ಬಂತು

ಇದರಲ್ಲಿ ಅರ್ಧ ಸತ್ಯವಿದೆ. ಕೂಲಿ ಏರಿದಂತೆಲ್ಲ ಮಷಿನ್ನಿನ ಬಾಡಿಗೆ ಅಗ್ಗವಾಗಿ ಕಾಣುವುದು ಸಹಜ. ಆದರೆ ಭತ್ತ ಕೊಯ್ಯುವ ಮಷಿನ್ನನ್ನು ಗದ್ದೆಗೆ ಕರೆತಂದದ್ದು ಮುಖ್ಯವಾಗಿ ಸಮಯ. ಕಾಲುವೆ ನೀರನ್ನು ನಂಬಿದ ಊರುಗಳಲ್ಲಿ ಎಲ್ಲರ ಪೈರೂ ಹದಿನೈದಿಪ್ಪತ್ತು ದಿನದೊಳಗೆ ಕಟಾವಿಗೆ ಬರುತ್ತದೆ. ಮೋಡ ಕಟ್ಟಿತೆಂದರೆ ಒಂದು ರಾತ್ರಿಯ ಮಳೆಗೆ ತೆನೆ ಮಲಗುತ್ತದೆ. ಕೊಯ್ದು, ಒಣಗಿಸಿ, ಕಣಕ್ಕೆ ಸಾಗಿಸಿ, ಬಡಿದು, ತೂರಿ ಮುಗಿಸಲು ವಾರಗಳು ಬೇಕಿದ್ದ ಕೆಲಸವನ್ನು ಮಷಿನ್ ಗಂಟೆಗಳಲ್ಲಿ ಮುಗಿಸಿ ಕಾಳನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ಅಷ್ಟೊಂದು ಆಳುಗಳನ್ನು ಅಷ್ಟೇ ದಿನಗಳಲ್ಲಿ ಯಾವ ಕೂಲಿಗೂ ಕೂಡಿಸಲಾಗುವುದಿಲ್ಲ. ಕೂಲಿ ಇಳಿಸಿದರೂ ಮಷಿನ್ ವಾಪಸು ಹೋಗುವುದಿಲ್ಲ.

ಕೂರಿಗೆಯಿಂದ ನೇರ ಬಿತ್ತನೆ ಮಾಡುವ ಭತ್ತದ ಕಥೆಯೂ ಹೀಗೆಯೇ. ಕಾಲುವೆ ಕೊನೆಯಂಚಿಗೆ ನೀರು ತಡವಾಗಿ ಬರುವುದರಿಂದ ಸಸಿಮಡಿ ಮಾಡಿ ಕಾಯುವ ಬದಲು ಒಣಭೂಮಿಯಲ್ಲೇ ಬಿತ್ತುವುದು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಬ್ಬಿತು. ಹೆಣ್ಣಾಳುಗಳ ನಾಟಿ ಕೆಲಸ ಇದರಿಂದ ಕಡಿಮೆಯಾಗಿದೆ ಎನ್ನುವುದು ನಿಜ. ಅದಕ್ಕೆ ಪರಿಹಾರ ಅವರ ಕೂಲಿಯನ್ನು ತಗ್ಗಿಸಿ ಇಡುವುದಲ್ಲ. ಕಾಲುವೆಯ ಹೂಳು ತೆಗೆಯುವ, ಹೊಲಗಾಲುವೆ ಸರಿಪಡಿಸುವ ಕೆಲಸಗಳಿಗೆ ಅವರನ್ನು ಹಚ್ಚಬೇಕು.

ತಪ್ಪು ಕಲ್ಪನೆ: ಕೂಲಿ ಏರಿದರೆ ಅಷ್ಟೇ ಬೆಲೆ ಏರಿ, ಏರಿದ ಕೂಲಿ ಅಂಗಡಿಗೇ ಹೋಗುತ್ತದೆ

ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ಭತ್ತಕ್ಕೆ ಕೈಯಿಂದ ಮಾಡುವ ಕೆಲಸ ಇಪ್ಪತ್ತು ಆಳು ಎಂದು ಹಿಡಿಯಿರಿ. ಪ್ರತಿ ಆಳಿಗೆ ದಿನಕ್ಕೆ ₹50 ಹೆಚ್ಚು ಕೊಟ್ಟರೆ ಎಕರೆಗೆ ₹1,000 ಹೆಚ್ಚಾಯಿತು. ಎಕರೆಗೆ 24 ಕ್ವಿಂಟಲ್ ಬೆಳೆದರೆ ಕ್ವಿಂಟಲ್‌ಗೆ ಸುಮಾರು ₹42, ಅಂದರೆ ಒಂದು ಕಿಲೋ ಭತ್ತಕ್ಕೆ 42 ಪೈಸೆ. ಮಿಲ್ಲಿನಲ್ಲಿ ನೂರು ಕಿಲೋ ಭತ್ತಕ್ಕೆ 65 ಕಿಲೋ ಅಕ್ಕಿ ಬಂದರೆ, ಒಂದು ಕಿಲೋ ಅಕ್ಕಿಯ ಮೇಲೆ ಬೀಳುವ ಭಾರ 64 ಪೈಸೆ. ಪೂರ್ತಿ ಭಾರವನ್ನು ಕೊಳ್ಳುವವರ ಮೇಲೆ ಹಾಕಿದರೂ ಇಷ್ಟೇ. ತಿಂಗಳಿಗೆ 30 ಕಿಲೋ ಅಕ್ಕಿ ಕೊಳ್ಳುವ ಮನೆಗೆ ₹20 ಕೂಡ ಆಗುವುದಿಲ್ಲ. ಅದೇ ಮನೆಯ ಒಬ್ಬ ಹೆಣ್ಣುಮಗಳು ತಿಂಗಳಲ್ಲಿ ಹದಿನೈದು ದಿನ ಕೂಲಿಗೆ ಹೋದರೂ ₹750 ಹೆಚ್ಚು ತರುತ್ತಾಳೆ.

ಹಂಗೇರಿ ದೇಶ 2001ರ ಹೊತ್ತಿಗೆ ಕನಿಷ್ಠ ವೇತನವನ್ನು ಭಾರಿಯಾಗಿ ಏರಿಸಿತು. ಆಗ ಹೆಚ್ಚಿದ ಖರ್ಚಿನ ಸುಮಾರು ಮುಕ್ಕಾಲು ಭಾಗ ಬೆಲೆಯ ಮೂಲಕ ಗ್ರಾಹಕರಿಗೆ ದಾಟಿತು, ಕಾಲು ಭಾಗ ಮಾಲೀಕರ ಲಾಭದಿಂದ ಹೋಯಿತು ಎಂದು ಅಲ್ಲಿನ ಅಧ್ಯಯನ ಲೆಕ್ಕ ಹಾಕಿದೆ. ಆದ್ದರಿಂದ ಬೆಲೆ ಒಂದಿಷ್ಟು ಏರಬಹುದು ಎನ್ನುವುದನ್ನು ಒಪ್ಪಬೇಕು. ಆದರೆ ಯಾವ ಸರಕಿನ ಬೆಲೆಯಲ್ಲೂ ಕೂಲಿ ಒಂದು ಪಾಲು ಮಾತ್ರ. ಆ ಪಾಲು ನಾಲ್ಕನೇ ಒಂದಿದ್ದರೆ, ಕೂಲಿ ಶೇ 20 ಏರಿದಾಗ ಖರ್ಚು ಏರುವುದು ಶೇ 5.

ತಪ್ಪು ಕಲ್ಪನೆ: ಕನಿಷ್ಠ ಕೂಲಿ ಕೊಡಹೋದರೆ ಸಣ್ಣ ರೈತ ಮುಳುಗುತ್ತಾನೆ

ಇದು ನನ್ನನ್ನು ಹೆಚ್ಚು ಕಾಡುವ ಮಾತು, ಏಕೆಂದರೆ ಇದರ ಹಿಂದಿರುವ ಸಂಕಟ ನಿಜವಾದದ್ದು. ಗೊಬ್ಬರ, ಎಣ್ಣೆ, ಡೀಸೆಲ್, ಬಡ್ಡಿ ಎಲ್ಲವೂ ಅಂಗಡಿಯವನು ಹೇಳಿದ ರೇಟಿಗೆ. ಚೌಕಾಸಿ ನಡೆಯುವುದು ಕೂಲಿಯೊಂದರ ಮೇಲೆಯೇ. ಹಾಗಾಗಿ ರೈತ ಉಳಿಸಿಕೊಳ್ಳಬೇಕೆಂದರೆ ಅಲ್ಲಿಯೇ ಕೈ ಹಾಕುತ್ತಾನೆ.

ಆದರೆ ಎರಡೆಕರೆಯ ರೈತ ವರ್ಷದಲ್ಲಿ ಎಷ್ಟು ದಿನ ಕೂಲಿ ಕೊಡುತ್ತಾನೆ, ಎಷ್ಟು ದಿನ ಕೂಲಿಗೆ ಹೋಗುತ್ತಾನೆ? ಸ್ವಂತ ಗದ್ದೆಯ ನಾಟಿ ಮುಗಿಸಿದ ಮರುದಿನವೇ ಗಂಡ ಹೆಂಡತಿ ಇಬ್ಬರೂ ಇನ್ನೊಬ್ಬರ ಗದ್ದೆಗೆ ಇಳಿಯುವ ಮನೆಗಳು ಹಚ್ಚೊಳ್ಳಿಯ ಸುತ್ತ ಬೇಕಾದಷ್ಟಿವೆ. ಮುಯ್ಯಾಳಿನ ಲೆಕ್ಕದಲ್ಲಿ ಕೆಲಸ ಸಾಗಿಸುವವರಿಗೆ ಕೂಲಿಯ ಖರ್ಚೇ ಕಡಿಮೆ. ಇಂಥವರಿಗೆ ಕೂಲಿ ಏರಿಕೆಯಿಂದ ಹೋಗುವುದಕ್ಕಿಂತ ಬರುವುದೇ ಹೆಚ್ಚು. ಪೂರ್ತಿ ಆಳುಗಳನ್ನೇ ನಂಬಿ ಬೇಸಾಯ ಮಾಡುವವನು ಇಪ್ಪತ್ತು, ಮೂವತ್ತು ಎಕರೆಯವನು. ಸಣ್ಣ ರೈತನ ಹೆಸರನ್ನು ಮುಂದೆ ಮಾಡಿ ವಾದ ಹೂಡುವವರಲ್ಲಿ ಅಂಥವರೇ ಹೆಚ್ಚೆಂದು ನಾನು ಕಂಡಿದ್ದೇನೆ.

ಕಷ್ಟದಲ್ಲಿರುವವನು ಗೇಣಿಗೆ ಮಾಡುವ ರೈತ. 1974ರ ಭೂಸುಧಾರಣೆ ಕಾನೂನಿನ ಪ್ರಕಾರ ಗೇಣಿಯೇ ಇರಕೂಡದು, ಆದ್ದರಿಂದ ಅವನ ಹೆಸರಿನಲ್ಲಿ ಕಾಗದವಿಲ್ಲ. ಪಹಣಿ ಇನ್ನೊಬ್ಬರದು. ಬೆಳೆಸಾಲ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿಯ ನೋಂದಣಿ ಎಲ್ಲವೂ ಪಹಣಿಯನ್ನೇ ಕೇಳುತ್ತವೆ. ಇಷ್ಟು ಚೀಲ ಎಂದು ಗೇಣಿ ಅಳೆದು, ಮುಂಗಡ ಕೊಟ್ಟ ದಲಾಲಿಗೇ ಭತ್ತ ಹಾಕಿ, ಉಳಿದದ್ದರಲ್ಲಿ ಕೂಲಿ ಕೊಡಬೇಕು. ಅವನನ್ನು ಹಿಂಡುತ್ತಿರುವುದು ಗೇಣಿ ಮತ್ತು ದಲಾಲಿ. ಕೂಲಿ ತಗ್ಗಿಸಿದರೆ ಅವನಿಗೆ ಸಿಗುವ ಉಸಿರು ಒಂದು ಹಂಗಾಮಿನದು. ಮುಂದಿನ ವರ್ಷ ಗೇಣಿಯ ಚೀಲ ಏರಿ ಅದನ್ನೂ ನುಂಗುತ್ತದೆ.

ಭತ್ತದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲ್‌ಗೆ ₹2,300 ಇದ್ದದ್ದು 2025-26ರಲ್ಲಿ ₹2,369 ಆಯಿತು. ಏರಿದ್ದು ₹69. ಮೇಲೆ ಹಾಕಿದ ಲೆಕ್ಕದ ₹42ನ್ನು ಕಳೆದರೂ ಮಿಗುತ್ತದೆ. ಬೆಂಬಲ ಬೆಲೆ ಲೆಕ್ಕ ಹಾಕುವಾಗ ಆಳಿನ ಕೂಲಿಯನ್ನೂ, ಮನೆಯವರ ದುಡಿಮೆಯ ಬೆಲೆಯನ್ನೂ ಖರ್ಚಿಗೆ ಸೇರಿಸುತ್ತಾರೆ. ಅಂದರೆ ಹೊಲದಲ್ಲಿ ಕೂಲಿ ಏರಿದರೆ ಬೆಂಬಲ ಬೆಲೆ ಏರಿಸಿ ಎಂದು ಕೇಳುವುದಕ್ಕೂ ಅದು ಆಧಾರವಾಗುತ್ತದೆ. ಖರೀದಿ ಕೇಂದ್ರ ಕೊಯ್ಲಿಗೆ ಮುಂಚೆಯೇ ತೆರೆಯಬೇಕು, ಗೇಣಿದಾರನಿಗೂ ಅಲ್ಲಿ ಜಾಗ ಸಿಗಬೇಕು. ರೈತಸಂಘ ಮತ್ತು ಕೂಲಿಕಾರರ ಸಂಘ ಒಟ್ಟಿಗೆ ಕೂತು ಕೇಳಬೇಕಾದ ಬೇಡಿಕೆ ಇದು.

ತಪ್ಪು ಕಲ್ಪನೆ: ಖಾತ್ರಿ ಕೆಲಸ, ಗ್ಯಾರಂಟಿ ದುಡ್ಡು ಬಂದಮೇಲೆ ಜನ ದುಡಿಯುವುದನ್ನೇ ಬಿಟ್ಟರು

"ಮನೀಗೆ ಎರಡು ಸಾವಿರ ಬರ್ತಾವ, ಅಕ್ಕಿ ಪುಕ್ಕಟೆ, ಯಾಕ್ ಬರ್ತಾರ ಕೂಲಿಗೆ?" ಕಟ್ಟೆಯ ಮೇಲೆ ಇದು ದಿನನಿತ್ಯದ ಮಾತು. ರಾಜ್ಯದ ಗೃಹಲಕ್ಷ್ಮಿ ಯೋಜನೆಯ ₹2,000 ಎಂದರೆ ಉದ್ಯೋಗ ಖಾತ್ರಿ ಯೋಜನೆಯ 2025-26ರ ದರ ₹370ರಲ್ಲಿ ಸುಮಾರು ಐದೂವರೆ ದಿನದ ಕೂಲಿ. ಐದು ದಿನದ ಕೂಲಿಯಿಂದ ತಿಂಗಳ ಸಂಸಾರ ಸಾಗುವುದಿಲ್ಲ ಎಂದು ಹೇಳುವವರಿಗೂ ಗೊತ್ತು. ಆ ದುಡ್ಡು ಮಾಡುವುದು ಬೇರೆ ಕೆಲಸ. ಮನೆಯಲ್ಲಿ ನಾಳೆಗೆ ಹಿಟ್ಟಿದ್ದರೆ, ಇವತ್ತು ಕಡಿಮೆ ಕೂಲಿಗೆ ಕರೆದವನಿಗೆ ಒಲ್ಲೆ ಅನ್ನಬಹುದು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಹಚ್ಚೊಳ್ಳಿಯ ಹೆಣ್ಣುಮಗಳೊಬ್ಬಳು ಸಿರುಗುಪ್ಪಕ್ಕೆ ಹೋಗಿ ಅಲ್ಲಿನ ಕೂಲಿ ಕೇಳಿ ಬರಬಹುದು. ನಾಲ್ಕು ಮೇಸ್ತ್ರಿಗಳ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಆಳು ಸಿಗುತ್ತಿಲ್ಲ ಎಂಬ ದೂರನ್ನು ಬಿಡಿಸಿ ನೋಡಿದರೆ ಎಷ್ಟೋ ಸಲ ಹಳೆಯ ಕೂಲಿಗೆ ಆಳು ಸಿಗುತ್ತಿಲ್ಲ ಎಂದೇ ಅರ್ಥ.

ಇದಕ್ಕೆ ಗಟ್ಟಿ ಸಾಕ್ಷ್ಯ ನಮ್ಮ ಗಡಿಯಾಚೆಯೇ ಇದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ಕರ್ನೂಲು, ಅನಂತಪುರ ಸೇರಿದಂತೆ ಎಂಟು ಜಿಲ್ಲೆಗಳಲ್ಲಿ ಖಾತ್ರಿ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸೋರಿಕೆಯಿಲ್ಲದೆ, ಬೇಗ ಕೊಡುವ ಪ್ರಯೋಗ ನಡೆಯಿತು. ಕೆಲವು ಮಂಡಲಗಳಲ್ಲಿ ಮೊದಲು, ಕೆಲವಲ್ಲಿ ತಡವಾಗಿ ಜಾರಿ ಮಾಡಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್ ಮತ್ತು ಸಂದೀಪ್ ಸುಖ್ತಂಕರ್ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಬಡ ಮನೆಗಳ ದುಡಿಮೆಯ ಆದಾಯ ಶೇ 14ರಷ್ಟು ಏರಿತು, ಆ ಏರಿಕೆಯಲ್ಲಿ ಶೇ 86 ಬಂದದ್ದು ಖಾತ್ರಿ ಯೋಜನೆಯ ಹೊರಗಿನ ದುಡಿಮೆಯಿಂದ. ಖಾತ್ರಿ ಕೆಲಸ ನೆಟ್ಟಗೆ ನಡೆದಾಗ ಖಾಸಗಿ ಹೊಲದವರೂ ಕೂಲಿ ಏರಿಸಬೇಕಾಯಿತು, ಆದರೂ ಖಾಸಗಿ ಕೆಲಸ ಕುಸಿಯಲಿಲ್ಲ. ಅದೇ ಎರೆಮಣ್ಣು, ಅದೇ ತುಂಗಭದ್ರೆಯ ನೀರು, ಅರ್ಧ ಊರಿಗೆ ನೆಂಟಸ್ತಿಕೆ ಇರುವ ಸೀಮೆ ಕರ್ನೂಲು, ಅನಂತಪುರ. ಇಲ್ಲಿಗೆ ಅನ್ವಯಿಸುವುದಿಲ್ಲ ಎನ್ನಲು ಕಾರಣ ಕಾಣುವುದಿಲ್ಲ.

ಬಳ್ಳಾರಿ ಜಿಲ್ಲೆಗೆ ಖಾತ್ರಿ ಯೋಜನೆ 2007ರಲ್ಲಿ ಎರಡನೇ ಹಂತದಲ್ಲಿ ಬಂತು. ಅದರ ಕೂಲಿಯನ್ನು ಕೇಂದ್ರ ಬೇರೆಯಾಗಿಯೇ ನಿಗದಿ ಮಾಡುತ್ತಿತ್ತು. ರಾಜ್ಯದ ಕೃಷಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಕೂಡದೆಂದು ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದಕ್ಕೂ ಮುಂಚೆ, 1983ರಲ್ಲೇ, ರಾಜಸ್ಥಾನದ ಬರಗಾಲದ ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕಟುವಾಗಿ ಹೇಳಿತ್ತು: ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ.

ತಪ್ಪು ಕಲ್ಪನೆ: ಕೊಡುವ ಶಕ್ತಿ ಇದ್ದವರಿಗೆ ಮಾತ್ರ ಕನಿಷ್ಠ ವೇತನ

ಇಲ್ಲ. ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಇದೇ ವಾದದೊಂದಿಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1961ರ ಉಣಿಚೋಯಿ ಪ್ರಕರಣದಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕನ ಶಕ್ತಿಯನ್ನು ನೋಡುವುದಿಲ್ಲ, ದುಡಿಯುವವನ ಬದುಕನ್ನು ನೋಡುತ್ತಾರೆ. ಆ ಬದುಕಿನ ಅಳತೆಯನ್ನು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟಿತು. ಮೂರು ಘಟಕದ ಕುಟುಂಬ, ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ದೀಪಗಳಿಗೆ ಶೇ 20. ಮಕ್ಕಳ ಓದು, ಔಷಧಿ, ಮದುವೆ, ಮುಪ್ಪಿಗೆಂದು ಮತ್ತೆ ಶೇ 25 ಸೇರಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಯಲ್ಲಿರುವ ಮುದಿ ತಂದೆ ತಾಯಿ ಆ ಮೂರು ಘಟಕದಲ್ಲಿ ಬರುವುದಿಲ್ಲ. ಇದನ್ನು ಭೋಗದ ಬದುಕು ಎಂದು ಯಾರು ಕರೆದಾರು?

ತಪ್ಪು ಕಲ್ಪನೆ: ಗುತ್ತಿಗೆಗೆ, ಪೀಸಿಗೆ ದುಡಿಯುವವರಿಗೆ ಈ ಕಾನೂನು ಇಲ್ಲ

ಬಳ್ಳಾರಿ ಜೀನ್ಸ್ ಹೊಲಿಯುವ ಕೌಲ್‌ಬಜಾರಿನ ಮನೆಗಳಲ್ಲಿ ಒಬ್ಬರು ಜೇಬು ಹಚ್ಚುತ್ತಾರೆ, ಇನ್ನೊಬ್ಬರು ಜಿಪ್ಪು, ಮತ್ತೊಬ್ಬರು ಬೆಲ್ಟಿನ ಪಟ್ಟಿ. ಒಂದು ಪೀಸಿಗೆ ಇಷ್ಟು ರೂಪಾಯಿ. ಕರೆಂಟು ಹೋದರೆ, ದಾರ ಮುಗಿದರೆ, ಬಟ್ಟೆ ತಡವಾಗಿ ಬಂದರೆ ಆ ಗಂಟೆಗಳಿಗೆ ಬಿಡಿಗಾಸಿಲ್ಲ. ಸಿರುಗುಪ್ಪದ ಮಿಲ್ಲುಗಳಲ್ಲಿ ಹಮಾಲರಿಗೆ ಚೀಲದ ಲೆಕ್ಕ. ಹಚ್ಚೊಳ್ಳಿಯ ಗದ್ದೆಯಲ್ಲಿ ನಾಟಿಗೆ ಎಕರೆಯ ಗುತ್ತಿಗೆ. ಹತ್ತು ಹನ್ನೆರಡು ಹೆಂಗಸರು ಬುತ್ತಿ ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆ ಟಂಟಂ ಹತ್ತಿ ಹೋಗುತ್ತಾರೆ. ಸಸಿಮಡಿ ಕಿತ್ತು ಕಟ್ಟು ಕಟ್ಟುವುದು, ಗದ್ದೆಗೆ ಹೊತ್ತು ಎಸೆಯುವುದು, ಬಗ್ಗಿದ ಸೊಂಟ ಎತ್ತದೆ ಹಚ್ಚುವುದು ಎಲ್ಲ ಆ ಒಂದೇ ಗುತ್ತಿಗೆಯಲ್ಲಿ. ನಾಟಿಯ ತಿಂಗಳು ಮುಗಿಯುವಷ್ಟರಲ್ಲಿ ಕಾಲ್ಬೆರಳ ಸಂದುಗಳು ಕೆಸರಿಗೆ ಕೊಳೆತು ಹುಣ್ಣಾಗಿರುತ್ತವೆ. ಬೇಗ ಮುಗಿಸಿದರೆ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಮೇಸ್ತ್ರಿಯ ಪಾಲು, ಟಂಟಂ ಬಾಡಿಗೆ ಕಳೆದು, ಸಸಿಮಡಿಯ ಗಂಟೆಗಳನ್ನೂ ಸೇರಿಸಿ ಭಾಗಿಸಿದಾಗ ಆ ಹೆಚ್ಚು ಎಷ್ಟೋ ಸಲ ಮಾಯವಾಗಿರುತ್ತದೆ.

ಹಳೆಯ ಕಾಯ್ದೆಯ 17ನೇ ಕಲಮೇ ಹೇಳಿತ್ತು, ಪೀಸಿನ ಲೆಕ್ಕಕ್ಕೆ ದುಡಿದರೂ ದಿನದ ಕನಿಷ್ಠ ಕೂಲಿಗೆ ಕಡಿಮೆ ಬೀಳಬಾರದು ಎಂದು. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಷ್ಟೇ ಅಲ್ಲ, ಮೊದಲಿದ್ದ ಹಾಗೆ ಪಟ್ಟಿಯಲ್ಲಿ ಹೆಸರಿರುವ ಉದ್ಯೋಗಗಳಿಗೆ ಮಾತ್ರ ಎಂಬ ಮಿತಿಯನ್ನು ತೆಗೆದಿದೆ.

ತಪ್ಪು ಕಲ್ಪನೆ: ವರ್ಷ ವರ್ಷ ಏರುತ್ತಲೇ ಇದೆಯಲ್ಲ, ಇನ್ನೇನು ಬೇಕು?

ಪ್ರತಿ ಏಪ್ರಿಲ್ 1ರಂದು ಏರುವುದು ತುಟ್ಟಿಭತ್ಯೆ. ಹಿಂದಿನ ವರ್ಷದ ಬೆಲೆ ಏರಿಕೆಯನ್ನು ಸೂಚ್ಯಂಕದ ಲೆಕ್ಕದಲ್ಲಿ ತುಂಬಿಕೊಡುವುದು ಅದರ ಕೆಲಸ. ಅದು ಬಂದರೆ ಕಾರ್ಮಿಕ ಇದ್ದಲ್ಲೇ ಇರುತ್ತಾನೆ, ಬಾರದಿದ್ದರೆ ಹಿಂದೆ ಬೀಳುತ್ತಾನೆ. 2020ರ ಏಪ್ರಿಲ್‌ನಲ್ಲಿ ರಾಜ್ಯದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಈ ಏರಿಕೆ ತಿಂಗಳಿಗೆ ₹417ರಷ್ಟಿತ್ತು. ಕೋವಿಡ್ ನೆಪದಲ್ಲಿ ಸರ್ಕಾರ ಅದನ್ನು ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಇದು ತಟ್ಟಿತು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಆರಂಭದಲ್ಲಿ ಬಾಕಿ ಕೊಡುವುದಾಗಿ ಕಾರ್ಖಾನೆಗಳು ಒಪ್ಪಿಕೊಳ್ಳತೊಡಗಿದವು.

ತಪ್ಪು ಕಲ್ಪನೆ: ಹೆಣ್ಣಾಳಿಗೊಂದು ರೇಟು, ಗಂಡಾಳಿಗೊಂದು ರೇಟು ಪದ್ಧತಿ, ಅದರಲ್ಲಿ ತಪ್ಪೇನು?

ಸರ್ಕಾರದ ಅಧಿಸೂಚನೆಯಲ್ಲಿ ಎರಡು ರೇಟು ಇಲ್ಲ. 1976ರ ಸಮಾನ ವೇತನ ಕಾಯ್ದೆಯಿಂದ ಇಂದಿನ ಸಂಹಿತೆಯವರೆಗೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ. ಗಂಡಸರು ಮೂಟೆ ಹೊರುತ್ತಾರೆ ಎಂಬ ಉತ್ತರ ಬರುತ್ತದೆ. ನಾಟಿಯಲ್ಲಿ ದಿನವಿಡೀ ಬಗ್ಗಿ ನಿಲ್ಲುವ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ. ಕನಿಷ್ಠ ಕೂಲಿ ನೆಟ್ಟಗೆ ಜಾರಿಯಾದರೆ ಹೆಚ್ಚು ಲಾಭವಾಗುವುದು ಹೆಂಗಸರಿಗೆ, ಏಕೆಂದರೆ ಆ ಗೆರೆಯ ಕೆಳಗಿರುವವರು ಅವರೇ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ವಾರದ ಸಂತೆಯಲ್ಲಿ ನೋಡಬಹುದು: ತರಕಾರಿ, ಬೇಳೆ, ಮಕ್ಕಳ ಚಪ್ಪಲಿ, ನೋಟ್‌ಬುಕ್ಕು. ಅಷ್ಟೂ ಅದೇ ಹೋಬಳಿಯ ಅಂಗಡಿಗಳಿಗೆ ಬರುವ ವ್ಯಾಪಾರ.

ತಪ್ಪು ಕಲ್ಪನೆ: ಸರ್ಕಾರ ಆದೇಶ ಮಾಡಿದರೆ ಕೂಲಿ ಏರಿದಂತೆ

ಏರಿಕೆಯನ್ನು ವಿರೋಧಿಸುವವರೂ ಬೆಂಬಲಿಸುವವರೂ ಹಂಚಿಕೊಂಡಿರುವ ತಪ್ಪು ಇದು. ಕನಿಷ್ಠ ವೇತನದ ಮಸೂದೆಯನ್ನು 1946ರಲ್ಲಿ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಮಂಡಿಸಿದರು. ಕಾಯ್ದೆಯಾದದ್ದು 1948ರಲ್ಲಿ. ಕಡಿಮೆ ಕೂಲಿ ಕೊಟ್ಟವರಿಗೆ ಅದರಲ್ಲಿದ್ದ ಗರಿಷ್ಠ ದಂಡ ₹500, ಇಲ್ಲವೇ ಆರು ತಿಂಗಳ ಸೆರೆ, ಅಥವಾ ಎರಡೂ. ಆ ₹500 ದಶಕಗಟ್ಟಲೆ ಹಾಗೆಯೇ ಉಳಿಯಿತು. ಕೂಲಿಯನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದ ಕಾಯ್ದೆ ತನ್ನ ದಂಡವನ್ನು ಪರಿಷ್ಕರಿಸಿಕೊಳ್ಳಲಿಲ್ಲ. ಗದ್ದೆಯ ಬದುವಿಗೆ ಬಂದು ಕೂಲಿ ಎಷ್ಟು ಕೊಟ್ಟಿರಿ ಎಂದು ಕೇಳಿದ ಕಾರ್ಮಿಕ ನಿರೀಕ್ಷಕರನ್ನು ಕಂಡವರು ಎಷ್ಟು ಜನ? ಉದ್ಯೋಗ ಹೋಗುತ್ತದೆ, ಬೆಲೆ ಏರುತ್ತದೆ ಎಂಬ ಚರ್ಚೆಯೆಲ್ಲ ಆದೇಶ ಜಾರಿಯಾಗಿದೆ ಎಂದು ಹಿಡಿದು ನಡೆಯುತ್ತದೆ. ಹೊಲದಲ್ಲಿ ಅದು ಇನ್ನೂ ಬಂದೇ ಇಲ್ಲ.

ವೇತನ ಸಂಹಿತೆಯಲ್ಲಿ ನನಗೆ ಒಪ್ಪಿಗೆಯಾಗದ ವಿಷಯಗಳಿವೆ. ಮೊದಲ ಸಲದ ತಪ್ಪಿಗೆ ಸೆರೆವಾಸ ತೆಗೆದು ದಂಡ ಮಾತ್ರ ಉಳಿಸಿದ್ದು ಅವುಗಳಲ್ಲೊಂದು. ಆದರೂ ಕೂಲಿಕಾರರು ಹಿಡಿದುಕೊಳ್ಳಬೇಕಾದ ಕೆಲವು ಹಿಡಿಗಳು ಅದರಲ್ಲಿವೆ. ಕಡಿಮೆ ಕೊಟ್ಟರೆ ದಂಡ ₹50,000ದವರೆಗೆ, ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಸೆರೆ, ₹1 ಲಕ್ಷದವರೆಗೆ ದಂಡ, ಅಥವಾ ಎರಡೂ. ಬಾಕಿಗೆ ಅರ್ಜಿ ಹಾಕಲು ಮೊದಲು ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು.

ಹಾಗಿದ್ದರೂ ಕೈಯಲ್ಲೊಂದು ಲೆಕ್ಕ ಇರಬೇಕು. ನಾಟಿಗೆ ಹೋಗುವ ಗುಂಪಿನಲ್ಲಿ ಓದಲು ಬರುವ ಒಬ್ಬ ಹುಡುಗಿ ಇದ್ದೇ ಇರುತ್ತಾಳೆ. ಯಾವ ದಿನ, ಯಾರ ಗದ್ದೆ, ಎಷ್ಟು ಎಕರೆ, ಎಷ್ಟು ಜನ, ಹೋದ ಹೊತ್ತು, ಬಂದ ಹೊತ್ತು, ಕೈಗೆ ಬಂದ ದುಡ್ಡು ಇಷ್ಟನ್ನು ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಅರ್ಜಿಯನ್ನು ಕೂಲಿಯವರೇ ಕೊಡಬೇಕೆಂದಿಲ್ಲ, ಅವರು ಸದಸ್ಯರಾಗಿರುವ ನೋಂದಾಯಿತ ಸಂಘವೂ ಕೊಡಬಹುದು. ಮಾಲೀಕನ ಎದುರು ಒಬ್ಬಂಟಿಯಾಗಿ ನಿಂತು ನಾಳೆಯ ಕೆಲಸ ಕಳೆದುಕೊಳ್ಳುವ ಭಯವಿರುವವರಿಗೆ ಇದೇ ದಾರಿ, ಅದಕ್ಕೆ ಮೂರು ವರ್ಷದ ಸಮಯವೂ ಇದೆ.